ತಬಲಾ ಯಾರನ್ನು ಕೇಳಿಸಿಕೊಳ್ಳುತ್ತಿದೆ?

ಒಂದು ಭಾವಗೀತೆಗೆ ಎಷ್ಟು ಟ್ರ್ಯಾಕ್ ಬೇಕು ಅಂತ ಹೋದ ತಿಂಗಳು ಒಬ್ಬ ಹುಡುಗ ಕೇಳಿದ. ನಮ್ಮ ಬೀದಿಯವನೇ. ಕಾಲೇಜು ಓದುತ್ತಿದ್ದಾನೆ, ಕೀಬೋರ್ಡ್ ಚೆನ್ನಾಗಿ ನುಡಿಸುತ್ತಾನೆ, ಈಚೆಗೆ ಮನೆಯಲ್ಲೇ ಕೂತು ಹಾಡುಗಳಿಗೆ ಟ್ರ್ಯಾಕ್, ಅಂದರೆ ಹಾಡುವವರ ಹಿಂದೆ ಮೊಳಗುವ ವಾದ್ಯಸಂಗೀತ, ಮಾಡಲು ಶುರು ಮಾಡಿದ್ದಾನೆ. ಲ್ಯಾಪ್‌ಟಾಪ್ ತಂದು ನನ್ನ ಟೇಬಲ್ ಮೇಲಿಟ್ಟು ಫೈಲ್ ತೆರೆದ. ಫೈಲಿನೊಳಗಿನ ಒಂದೊಂದು ವಾದ್ಯದ ಪದರಕ್ಕೂ ಟ್ರ್ಯಾಕ್ ಅಂತಲೇ ಹೆಸರು, ಅಂಥ 31 ಇದ್ದವು. ಎರಡು ಬಾಸ್, ನಾಲ್ಕು ಸ್ಟ್ರಿಂಗ್ಸ್, ಮೂರು ಗಿಟಾರ್, ಕೊಳಲು, ಸಿತಾರ್, ಮ್ಯಾಂಡೊಲಿನ್, ತಬಲಾ, ಢೋಲಕ್, ಗೆಜ್ಜೆ, ಇನ್ನೂ ಏನೇನೋ. ಒಂದೊಂದನ್ನೇ ಸೋಲೋ ಒತ್ತಿ ಕೇಳಿಸಿದ. ಒಂದೊಂದೂ ಚೆನ್ನಾಗಿತ್ತು. ನಡುವೆ ಬರುವ ಮ್ಯಾಂಡೊಲಿನ್ ತುಣುಕು, ನಾವು ಬಿಟ್ ಅನ್ನುವುದು, ಅದಂತೂ ತುಂಬಾ ಚೆಂದ. ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಮಾತ್ರ ಹಾಡು ಎಲ್ಲೋ ಹಿಂದಿನ ಸಾಲಿಗೆ ಹೋಗಿ ಕೂತ ಹಾಗಾಯಿತು.

"ಅಂಕಲ್, ಇದ್ರಲ್ಲಿ ಯಾವ್ದನ್ನ ತೆಗೀಲಿ?" ಅಂದ.

ನಾನು ಅವನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಂದು ಸಲ ನೋಡಿದೆ. ಹಾಡುವವರ ದನಿಯ ಟ್ರ್ಯಾಕ್ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ, ದನಿ ಕೊನೆಗೆ ಅಲ್ವಾ ಬರೋದು ಅಂದ. ಹಾಡಿನ ಮಟ್ಟನ್ನು ಪಿಯಾನೋದಲ್ಲಿ ನುಡಿಸಿ ಇಟ್ಟುಕೊಂಡಿದ್ದ. ಅದರ ಮೇಲೆ 30 ವಾದ್ಯ ಕಟ್ಟಿದ್ದ. ಯಾವುದನ್ನು ತೆಗೆಯಬೇಕು ಅಂತ ಅವತ್ತು ಹೇಳಲಿಲ್ಲ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಸುಮಾರು 14 ವರ್ಷದಿಂದ ಸುಗಮ ಸಂಗೀತ ಹಾಡುವವರಿಗೆ ಟ್ರ್ಯಾಕ್ ಮಾಡಿಕೊಡುತ್ತಿದ್ದೇನೆ. ಹಗಲು ಬೇರೆ ಕೆಲಸ. ರಾತ್ರಿ ಊಟ ಆದ ಮೇಲೆ, ಬೀದಿ ಸದ್ದು ನಿಂತ ಮೇಲೆ ಇದು. ಮಕ್ಕಳಿಗೆ ಹಾಡು ಕಲಿಸುವ ಟೀಚರ್‌ಗಳು ಕೇಳುತ್ತಾರೆ, ಶಾಲೆಯ ವಾರ್ಷಿಕೋತ್ಸವಕ್ಕೆ ಪೂರ್ತಿ ವಾದ್ಯವೃಂದ ಕರೆಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹೊರದೇಶದ ಕನ್ನಡ ಕೂಟಗಳಲ್ಲಿ ಹಾಡುವವರು ಕೇಳುತ್ತಾರೆ, ಅವರಿರುವ ಊರಲ್ಲಿ ತಬಲಾ ನುಡಿಸುವವರು ಸಿಗುವುದೇ ಕಷ್ಟ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವಕ್ಕೆ ಬೇಕು ಅಂತ ಮೆಸೇಜ್ ಬರಲು ಶುರು. ಟ್ರ್ಯಾಕಿಗೆ ಹಾಡುವುದು ಕಡಿಮೆ ದರ್ಜೆಯದು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಟ್ರ್ಯಾಕ್ ಇಲ್ಲದಿದ್ದರೆ ಆ ಹಾಡು ಆ ವೇದಿಕೆಗೆ ಬರುತ್ತಲೇ ಇರಲಿಲ್ಲ. ಆದ್ದರಿಂದ ಅದನ್ನು ಸರಿಯಾಗಿ ಮಾಡಿಕೊಡಬೇಕು, ಅಷ್ಟೇ.

ಕೆಲಸದ ಒಂದು ಭಾಗ ಬ್ಯಾಂಡ್ ಇನ್ ಎ ಬಾಕ್ಸ್‌ನಲ್ಲಿ ನಡೆಯುತ್ತದೆ. ಕೆನಡಾದ ಪಿಜಿ ಮ್ಯೂಸಿಕ್ ಕಂಪನಿಯ ಸಾಫ್ಟ್‌ವೇರ್, ಪೀಟರ್ ಗ್ಯಾನನ್ ಅನ್ನುವವರು ಶುರು ಮಾಡಿದ್ದು. ಬಿಡಿಬಿಡಿ ಖಾನೆಗಳಲ್ಲಿ ಕಾರ್ಡ್‌ಗಳನ್ನು (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಟೈಪ್ ಮಾಡಿ, ಒಂದು ಸ್ಟೈಲ್ ಆರಿಸಿ, ಪ್ಲೇ ಒತ್ತಿದರೆ ಬಾಸು, ಡ್ರಮ್ಮು, ಗಿಟಾರು ಎಲ್ಲ ತಾವೇ ನುಡಿಸಿಕೊಂಡು ಹೋಗುತ್ತವೆ. 1990ರಲ್ಲಿ ಮೊದಲು ಬಂದಾಗ ಅದರಲ್ಲಿ ಇದ್ದದ್ದು ಪಿಯಾನೋ, ಬಾಸ್, ಡ್ರಮ್ಸ್ ಮಾತ್ರ. ಆಮೇಲೆ ಗಿಟಾರ್ ಬಂತು, ಸ್ಟ್ರಿಂಗ್ಸ್ ಬಂತು, ನಿಜವಾದ ಕಲಾವಿದರು ನುಡಿಸಿದ ತುಣುಕುಗಳನ್ನು ನಮ್ಮ ಕಾರ್ಡಿಗೆ ಹೊಂದಿಸಿ ಜೋಡಿಸುವ ರಿಯಲ್‌ಟ್ರ್ಯಾಕ್ಸ್ ಬಂತು. 2022ರ ಆವೃತ್ತಿಯಲ್ಲಿ ಇನ್ನೂ 16 ಟ್ರ್ಯಾಕ್ ಸೇರಿ ಒಟ್ಟು 24 ಆಯಿತು.

ಮೂರು ವಾದ್ಯ ಇದ್ದಾಗ ಜಾಗದ ಜಗಳ ಇರುವುದಿಲ್ಲ. 24 ಆದಾಗ ಒಂದೊಂದೂ ತನ್ನ ಪಾಡಿಗೆ ಸರಿಯಾಗಿಯೇ ನುಡಿಸುತ್ತಿರುತ್ತದೆ. ಆದರೆ ಆ 24ರಲ್ಲಿ ಯಾವುದಕ್ಕೂ ಹಾಡು ಕೇಳಿಸುವುದಿಲ್ಲ. ಅವುಗಳಿಗೆ ಗೊತ್ತಿರುವುದು ಎರಡೇ ಸಂಗತಿ, ಈಗ ಯಾವ ಕಾರ್ಡ್, ಈಗ ಎಷ್ಟನೇ ಬಾರ್, ಅಂದರೆ ತಾಳದ ಎಷ್ಟನೇ ಸುತ್ತು. ಕಾರ್ಡು ಮತ್ತು ಗಡಿಯಾರ ನೋಡಿಕೊಂಡು ನುಡಿಸುವ 24 ಜನ. ಟ್ರ್ಯಾಕ್ ಹೆಚ್ಚಾದಾಗ ಬರುವ ತೊಂದರೆಗಳೆಲ್ಲ, ನಾನು ಕಂಡಂತೆ, ಇದರಿಂದಲೇ ಬರುತ್ತವೆ.

ಕಲ್ಯಾಣಿ ರಾಗದ ಒಂದು ಉದಾಹರಣೆ ಹೇಳುತ್ತೇನೆ. ಶ್ರುತಿ ಸಿ, ಅಂದರೆ ಸಾ ಕೀಬೋರ್ಡಿನ ಸಿ ಮೇಲೆ, ಅಂತಲೇ ಇಟ್ಟುಕೊಳ್ಳಿ. ಕಲ್ಯಾಣಿಯಲ್ಲಿ ಪ್ರತಿ ಮಧ್ಯಮ, ಅಂದರೆ ಎಫ್ ಶಾರ್ಪ್. ಎಫ್ ಅನ್ನೋ ಸ್ವರ, ಅಂದರೆ ಶುದ್ಧ ಮಧ್ಯಮ, ಆ ಹಾಡಿನ ಹತ್ತಿರವೇ ಬರಬಾರದು. ಎಫ್ ಸ್ವರ ಇರುವ ಎಫ್ ಮೇಜರ್ ಕಾರ್ಡಾಗಲಿ ಡಿ ಮೈನರ್ ಆಗಲಿ ಹಾಕಬಾರದು ಅಂತ ನನಗೆ ಗೊತ್ತಿತ್ತು, ಹಾಕಿರಲಿಲ್ಲ. ಸಿ, ಡಿ ಮೇಜರ್, ಜಿ, ಇ ಮೈನರ್, ಇಷ್ಟರಲ್ಲೇ ಪಲ್ಲವಿ ಮುಗಿಸಿದ್ದೆ. ಹಾಡುವ ಅಕ್ಕ ಟ್ರ್ಯಾಕ್ ಕೇಳುತ್ತ ಕೇಳುತ್ತ ಒಂದು ಕಡೆ ಮುಖ ಕಿವುಚಿದರು. ಎಲ್ಲಿ ಅಂತ ಅವರಿಗೂ ಹೇಳಲಾಗಲಿಲ್ಲ. "ಏನೋ ಒಂದು ಇಲ್ಲಿ ಚುಚ್ತಿದೆ ನೋಡಿ ಸರ್" ಅಂದರು. ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತಾ ಹೋದೆ. ಸಿಕ್ಕಿದ್ದು ಬಾಸ್‌ನಲ್ಲಿ. ಸಿ ಕಾರ್ಡ್ ಇದ್ದ ಕಡೆ ಅದು ಸಾದಿಂದ ಪಾಗೆ ನಡೆದುಕೊಂಡು ಹೋಗುವಾಗ ದಾರಿಯಲ್ಲಿ ಶುದ್ಧ ಮಧ್ಯಮವನ್ನು ಅರೆಕ್ಷಣ ಮುಟ್ಟುತ್ತಿತ್ತು. ಸಾಫ್ಟ್‌ವೇರಿನ ಲೆಕ್ಕದಲ್ಲಿ ತಪ್ಪಿಲ್ಲ. ಸಿ ಮೇಜರ್ ಅಂದರೆ ಅದಕ್ಕೆ ಶಂಕರಾಭರಣ, ಶುದ್ಧ ಮಧ್ಯಮದ ರಾಗ. ಹಾಡು ಕಲ್ಯಾಣಿಯಲ್ಲಿದೆ ಅಂತ ಅದಕ್ಕೆ ಯಾರು ಹೇಳಬೇಕು?

ಆವತ್ತಿನಿಂದ ಎರಡು ಅಭ್ಯಾಸ ಮಾಡಿಕೊಂಡೆ. ಬಾಸ್ ಮತ್ತು ಕಾರ್ಡ್ ನುಡಿಸುವ ಟ್ರ್ಯಾಕ್‌ಗಳನ್ನು ಆದಷ್ಟು ಮಿಡಿ ರೂಪದಲ್ಲೇ, ಅಂದರೆ ದನಿಯಲ್ಲ, ಯಾವ ಸ್ವರ ಯಾವಾಗ ಅನ್ನುವ ಸೂಚನೆಯಾಗಿಯೇ, ಇಟ್ಟುಕೊಳ್ಳುತ್ತೇನೆ. ಮಿಡಿಯಲ್ಲಿ ಒಂದೊಂದು ಸ್ವರವೂ ಪರದೆಯ ಮೇಲೆ ಬೇರೆ ಬೇರೆ ಕಾಣುತ್ತದೆ, ಆ ಒಂದು ಎಫ್ ಅನ್ನು ಹಿಡಿದು ಅರ್ಧ ಸ್ವರ ಮೇಲೆ ಎಳೆದರೆ ಆಯಿತು. ರಿಯಲ್‌ಟ್ರ್ಯಾಕ್ಸ್ ಕೇಳಲು ಬಹಳ ಇಂಪು, ಆದರೆ ಅದು ರೆಕಾರ್ಡ್ ಆದ ದನಿ, ಅದರೊಳಗಿನ ಒಂದು ಸ್ವರವನ್ನು ಹೀಗೆ ಸುಲಭವಾಗಿ ತಿದ್ದಲು ಬರುವುದಿಲ್ಲ. ಎರಡನೆಯದು, ತಿದ್ದಿದ ಕೂಡಲೇ ಆ ಟ್ರ್ಯಾಕನ್ನು ಫ್ರೀಜ್ ಮಾಡುವುದು. ಬ್ಯಾಂಡ್ ಇನ್ ಎ ಬಾಕ್ಸ್‌ನಲ್ಲಿ ಮತ್ತೆ ಜನರೇಟ್ ಮಾಡಿದರೆ ಅದು ಹೊಸದಾಗಿ ನುಡಿಸುತ್ತದೆ. ನಿನ್ನೆಯ ಬಾಸ್ ಇವತ್ತು ಇರುವುದಿಲ್ಲ. ಇಷ್ಟವಾದದ್ದನ್ನು ಆಗಲೇ ಫ್ರೀಜ್ ಮಾಡಿ ಇಟ್ಟುಕೊಳ್ಳಬೇಕು, ಆಮೇಲೆ ಬೇರೆ ಟ್ರ್ಯಾಕ್‌ಗಳನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ನಮ್ಮ ವಾದ್ಯಗಳು ಈ ಲೋಕದಲ್ಲಿ ಎಲ್ಲಿವೆ ಅನ್ನುವುದೂ ಹೇಳಬೇಕು. ಜನರಲ್ ಮಿಡಿ ಅಂತ 1991ರಲ್ಲಿ ಒಂದು ಒಪ್ಪಂದ ಬಂತು. ಯಾವ ಕೀಬೋರ್ಡಿಗೆ ಹೋದರೂ ಒಂದೇ ನಂಬರಿಗೆ ಒಂದೇ ಬಗೆಯ ವಾದ್ಯ ಬರಲಿ ಅಂತ 128 ದನಿಗಳ ಪಟ್ಟಿ. ಅದರಲ್ಲಿ 105 ಸಿತಾರ್, 112 ಶೆಹನಾಯಿ. ತಂಬೂರಿ ಇಲ್ಲ. ತಬಲಾ ಇಲ್ಲ, ಮೃದಂಗ ಇಲ್ಲ. ಇವೆಲ್ಲ ಬೇಕೆಂದರೆ ಬೇರೆ ಕಡೆಯಿಂದ ತಂದು ಸೇರಿಸಬೇಕು. ಹಾಗಾಗಿ ನಾನು ಬ್ಯಾಂಡ್ ಇನ್ ಎ ಬಾಕ್ಸ್‌ನಿಂದ ಬಾಸು, ಪ್ಯಾಡು (ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಕೀಬೋರ್ಡ್ ದನಿ), ಅಕೌಸ್ಟಿಕ್ ಗಿಟಾರು ಇಷ್ಟನ್ನು ತೆಗೆದುಕೊಂಡು ರೀಪರ್ ಅನ್ನೋ ಇನ್ನೊಂದು ಸಾಫ್ಟ್‌ವೇರಿಗೆ ಹೋಗುತ್ತೇನೆ. ತಂಬೂರಿ, ತಬಲಾ, ಕೊಳಲು, ದನಿ ಎಲ್ಲ ಸೇರುವುದು ಅಲ್ಲಿ.

ತಂಬೂರಿ ಅಂದೆನಲ್ಲ, ಅದು ನನ್ನ ಫೈಲಿನಲ್ಲಿ ಯಾವಾಗಲೂ ಮೊದಲ ಟ್ರ್ಯಾಕ್. ಟ್ರ್ಯಾಕ್ ಮಾಡುವ ಎಷ್ಟೋ ಜನ ತಂಬೂರಿಯನ್ನು ಹಾಕುವುದೇ ಇಲ್ಲ, ಪ್ಯಾಡ್ ಇದೆಯಲ್ಲ ಅಂತಾರೆ. ಹಾಕಿದರೆ ಏನಾಗುತ್ತದೆ ಅಂತ ಒಂದು ಸಲ ಕಿವಿಗೊಟ್ಟು ಕೇಳಿ. ಐದೂವರೆ ಮನೆ ಶ್ರುತಿಯಲ್ಲಿ, ಅಂದರೆ ಜಿ ಶಾರ್ಪ್‌ನಲ್ಲಿ, ಸಾ ಸುಮಾರು 207.65 ಹರ್ಟ್ಜ್. ತಂಬೂರಿಯ ಸಾ ತಂತಿಯನ್ನು ಮೀಟಿದರೆ ಅದರೊಳಗಿಂದಲೇ ಒಂದು ಗಾಂಧಾರ ಹೊಮ್ಮುತ್ತದೆ, ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಅದು ಎಲ್ಲರಿಗೂ ಕೇಳಿಸುತ್ತದೆ. ಅದನ್ನು ಮಧ್ಯ ಸ್ಥಾಯಿಗೆ ಇಳಿಸಿ ಲೆಕ್ಕ ಹಾಕಿದರೆ 259.6. ಕೀಬೋರ್ಡಿನ ಗಾಂಧಾರ 261.6. ಎರಡು ಹರ್ಟ್ಜ್ ವ್ಯತ್ಯಾಸ, ಸಂಗೀತದ ಅಳತೆಯಲ್ಲಿ 14 ಸೆಂಟ್ (ಅರ್ಧ ಸ್ವರಕ್ಕೆ 100 ಸೆಂಟ್). ಎರಡೂ ಒಟ್ಟಿಗೆ ಉದ್ದಕ್ಕೆ ನಿಂತರೆ ದನಿ ಅಲೆಅಲೆಯಾಗಿ ಅಲುಗುತ್ತದೆ. ಹಾಡುವವರ ಕಿವಿ ತಂಬೂರಿ ಕಡೆ ಎಳೆಯುತ್ತದೆ, ಪ್ಯಾಡ್ ಇನ್ನೊಂದು ಕಡೆ ಎಳೆಯುತ್ತದೆ, ಪಾಪ ಅವರು ತಮ್ಮದೇ ಶ್ರುತಿ ಸರಿಯಿಲ್ಲವೇನೋ ಅಂದುಕೊಳ್ಳುತ್ತಾರೆ. ಪಂಚಮದಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ ವ್ಯತ್ಯಾಸ 2 ಸೆಂಟ್ ಮಾತ್ರ.

ಇದಕ್ಕೆ ನಾನು ಮಾಡುವುದು ಸರಳ. ಪಲ್ಲವಿ, ಚರಣ ಹಾಡುವಾಗ ಪ್ಯಾಡ್‌ನಿಂದ ಗಾಂಧಾರವನ್ನೇ ತೆಗೆದುಬಿಡುತ್ತೇನೆ. ಸಾ, ಪಾ ಇದ್ದರೆ ಸಾಕು. ಗಾಂಧಾರ ಹಾಡುವವರ ಬಾಯಿಂದ ಬರಲಿ. ಬಿಜಿಎಂ, ಅಂದರೆ ಬರೀ ವಾದ್ಯಗಳ ಭಾಗ ಬಂದಾಗ, ಅವರು ಸುಮ್ಮನಿದ್ದಾಗ, ತಂಬೂರಿಯನ್ನು ಸ್ವಲ್ಪ ಇಳಿಸಿ ಪೂರ್ತಿ ಕಾರ್ಡ್ ತರುತ್ತೇನೆ. ಅವರು ಮತ್ತೆ ಎತ್ತಿಕೊಳ್ಳುವುದಕ್ಕೆ ತಾಳದ ಒಂದು ಸುತ್ತು ಮೊದಲೇ ತಂಬೂರಿ ವಾಪಸ್ ಬಂದಿರಬೇಕು.

ಈಗ ತಬಲಾ. ನಾನು ಹೆಚ್ಚು ಹೊತ್ತು ಕಳೆದಿರುವುದು ಇಲ್ಲೇ.

ಮೈಸೂರು ಅನಂತಸ್ವಾಮಿಯವರು ತಾವೇ ಹಾರ್ಮೋನಿಯಂ ನುಡಿಸುತ್ತಾ ಹಾಡುತ್ತಿದ್ದರು. ಹಾಡುವವರ ಕೈಯಲ್ಲೇ ವಾದ್ಯ ಇದ್ದರೆ ಯಾರೂ ಯಾರನ್ನೂ ಕಾಯಬೇಕಾಗಿಲ್ಲ. ಒಂದು ಮಾತನ್ನು ಎಳೆಯಬೇಕು ಅನ್ನಿಸಿದರೆ ಕೈಯೂ ಎಳೆಯುತ್ತದೆ. ಪಕ್ಕದಲ್ಲಿ ತಬಲಾ ನುಡಿಸುವವರು ಕೂತಿದ್ದರೆ ಅವರು ಹಾಡುವವರನ್ನೇ ನೋಡುತ್ತಿರುತ್ತಾರೆ. ನಮ್ಮ ಹಾಡುಗಳಲ್ಲಿ ಮೊದಲು ಕವಿತೆ, ಆಮೇಲೆ ತಾಳ. ಒಂದು ಸಾಲಿನ ಕೊನೆಯ ಅಕ್ಷರವನ್ನು ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು ಆ ಸಾಲಿನ ಅರ್ಥದಿಂದ ತೀರ್ಮಾನವಾಗುತ್ತದೆ. ಟ್ರ್ಯಾಕಿನ ತಬಲಾ ಹಾಗೆ ಕಾಯುವುದಿಲ್ಲ. ನಿಮಿಷಕ್ಕೆ 84 ಮಾತ್ರೆಯ ವೇಗ ಕೊಟ್ಟರೆ ಒಂದು ಮಾತ್ರೆಗೆ 714 ಮಿಲಿಸೆಕೆಂಡ್, ಪಲ್ಲವಿಯಲ್ಲೂ ಅಷ್ಟೇ, ಕಣ್ಣಲ್ಲಿ ನೀರು ಬರುವ ಸಾಲಿನಲ್ಲೂ ಅಷ್ಟೇ.

ಮೊದಲ ಕೆಲವು ವರ್ಷ ನಾನೂ ಆ ಹುಡುಗನ ಹಾಗೆಯೇ ಮಾಡುತ್ತಿದ್ದೆ. ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಮೇಲೆ ಎಲ್ಲ ವಾದ್ಯ ಕೂರಿಸಿ, ಕೊನೆಗೆ ಹಾಡಿಸುತ್ತಿದ್ದೆ. ಹಾಡುವವರು ಟ್ರ್ಯಾಕಿನ ಹಿಂದೆ ಓಡುತ್ತಿದ್ದರು. ಈಗ ತಿರುಗಿಸಿದ್ದೇನೆ. ಮೊದಲು ತಂಬೂರಿ, ಅದರ ಜೊತೆ ತೀರಾ ಸಣ್ಣ ದನಿಯಲ್ಲಿ ಒಂದು ಠೇಕಾ (ತಬಲಾದ ಸರಳ ನಡೆ), ಅಷ್ಟನ್ನೇ ಕಿವಿಗೆ ಕೊಟ್ಟು ಹಾಡುವವರಿಂದ ಗೈಡ್, ಅಂದರೆ ಉಳಿದವರಿಗೆ ದಾರಿ ತೋರಿಸುವ ದನಿ, ಹಾಡಿಸಿಕೊಳ್ಳುತ್ತೇನೆ. ಠೇಕಾ ಬಿಟ್ಟು ಸ್ವಲ್ಪ ಆಚೀಚೆ ಹೋದರೂ ಪರವಾಗಿಲ್ಲ, ನಿಮ್ಮ ಪಾಡಿಗೆ ಹಾಡಿ ಅಂತ ಹೇಳಿರುತ್ತೇನೆ. ಆಮೇಲೆ ರೀಪರ್‌ನಲ್ಲಿ ಬಾರ್ ಗೆರೆಗಳನ್ನು ಒಂದೊಂದಾಗಿ ಎಳೆದು ಅವರು ಹಾಡಿದ ಜಾಗಕ್ಕೆ ತಂದು ಕೂರಿಸುತ್ತೇನೆ. ಪಲ್ಲವಿಯಲ್ಲಿ 84 ಇದ್ದದ್ದು ಎರಡನೇ ಚರಣದಲ್ಲಿ 87 ಆಗಿರುತ್ತದೆ, ಕೊನೆಯ ಸಾಲಿಗೆ 79ಕ್ಕೆ ಇಳಿದಿರುತ್ತದೆ. ಆ ಏರಿಳಿತವೇ ಆ ಹಾಡಿನ ಗಡಿಯಾರ. ಮಿಡಿ ಟ್ರ್ಯಾಕ್‌ಗಳು ಆ ಗೆರೆಗಳ ಜೊತೆಗೇ ಹಿಗ್ಗುತ್ತವೆ, ಕುಗ್ಗುತ್ತವೆ. ಬಾಸು, ಪ್ಯಾಡು ಮಿಡಿಯಲ್ಲಿ ಇರಲಿ ಅಂದದ್ದಕ್ಕೆ ಇದು ಇನ್ನೊಂದು ಕಾರಣ. ಒಂದು ಹಾಡಿಗೆ ಈ ಗೆರೆ ಎಳೆಯುವ ಕೆಲಸವೇ ಒಂದೂವರೆ ಗಂಟೆ ಹಿಡಿಯುತ್ತದೆ. ಬೇಸರವಾಗುವುದಿಲ್ಲ. ಅವರು ಎಲ್ಲಿ ನಿಂತರು, ಎಲ್ಲಿ ಆತುರ ಮಾಡಿದರು ಅಂತ ಸಾಲು ಸಾಲಾಗಿ ಗೊತ್ತಾಗುತ್ತದೆ, ಹಾಡು ಆ ಹೊತ್ತಿಗೆ ನನಗೂ ಬಾಯಿಪಾಠ ಆಗಿರುತ್ತದೆ.

ನನಗೆ ಟ್ರ್ಯಾಕಿಗೆ ತಬಲಾ ನುಡಿಸಿಕೊಡುವ ಮೇಷ್ಟ್ರು ಒಬ್ಬರಿದ್ದಾರೆ. ವಯಸ್ಸಾಗಿದೆ, ಕಚೇರಿಗಳಿಗೆ ಹೋಗುವುದನ್ನು ಕಡಿಮೆ ಮಾಡಿದ್ದಾರೆ, ನಮ್ಮ ಮನೆಗೆ ಬಂದು ನುಡಿಸಿ ಕಾಫಿ ಕುಡಿದು ಹೋಗುತ್ತಾರೆ. ಕೆಲವು ವರ್ಷದ ಹಿಂದೆ ಒಂದು ದಾದ್ರಾ ತಾಳದ ಹಾಡು. ಗೈಡ್ ದನಿ ಶುದ್ಧವಾಗಿರಲಿ ಅಂತ ನಾನು ಸಾಲುಗಳ ನಡುವಿನ ಸದ್ದನ್ನೆಲ್ಲ ಕತ್ತರಿಸಿ ತೆಗೆದಿದ್ದೆ. ಫ್ಯಾನಿನ ಸದ್ದು, ಕಾಗದ ಮಗುಚಿದ್ದು, ಉಸಿರು ಎಲ್ಲ ಹೋಗಿತ್ತು. ನೋಡಲು ಬಹಳ ಅಚ್ಚುಕಟ್ಟಾದ ಟ್ರ್ಯಾಕ್. ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ನುಡಿಸಲು ಶುರು ಮಾಡಿದರು. ತಾಳ ತಪ್ಪಲಿಲ್ಲ. ಆದರೆ ಪ್ರತಿ ಸಾಲಿನ ಎತ್ತುಗಡೆಯಲ್ಲೂ ತಬಲಾ ಕೂದಲೆಳೆಯಷ್ಟು ಗಟ್ಟಿಯಾಗಿ, ಹೊರಗಿನವರ ಹಾಗೆ ಬೀಳುತ್ತಿತ್ತು. ಎರಡು ಸಲ ತೆಗೆದುಕೊಂಡೆವು. ಮೂರನೇ ಸಲಕ್ಕೆ ಅವರು ಕೈ ನಿಲ್ಲಿಸಿದರು.

"ಅವರ ಉಸಿರು ಎಲ್ಲಪ್ಪಾ ಹೋಯ್ತು?" ಅಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅವರೇ ಹೇಳಿದರು. ವೇದಿಕೆ ಮೇಲೆ ಕೂತಾಗ ಅವರು ಹಾಡುವವರ ಭುಜ ನೋಡುತ್ತಾರಂತೆ. ಉಸಿರು ತಗೊಂಡಾಗ ಭುಜ ಸ್ವಲ್ಪ ಮೇಲಕ್ಕೆ ಬರುತ್ತದೆ. ಎಷ್ಟು ಉಸಿರು ತಗೊಂಡರು ಅನ್ನುವುದರಲ್ಲೇ ಮುಂದಿನ ಸಾಲು ಜೋರಾಗಿ ಬರುತ್ತದೋ ಮೆತ್ತಗೆ ಬರುತ್ತದೋ, ಸಮದ (ತಾಳದ ಮೊದಲ ಮಾತ್ರೆ) ಮೇಲೆ ಬರುತ್ತದೋ ಅದರ ಆಚೆಯೋ, ಎಲ್ಲ ಗೊತ್ತಾಗಿಬಿಡುತ್ತದೆ. ಇಲ್ಲಿ ಭುಜ ಕಾಣುವುದಿಲ್ಲ, ಉಸಿರಾದರೂ ಕೇಳಿಸಬೇಕಲ್ಲ. ನಾನು ಕತ್ತರಿಸಿದ್ದನ್ನೆಲ್ಲ ವಾಪಸ್ ತಂದೆ. ಫ್ಯಾನಿನ ಸದ್ದೂ ಬಂತು, ಬರಲಿ ಅಂತ ಬಿಟ್ಟೆ. ಮೇಷ್ಟ್ರು ಮತ್ತೆ ನುಡಿಸಿದರು. ಮೂರನೇ ಸಾಲಿಗೆ ಮೊದಲು ಹಾಡಿದಾಕೆ ಒಂದು ದೊಡ್ಡ ಉಸಿರು ಎಳೆದುಕೊಂಡಿದ್ದಾರೆ. ಅಲ್ಲಿ ಮೇಷ್ಟ್ರ ಡಗ್ಗಾ (ತಬಲಾ ಜೋಡಿಯಲ್ಲಿ ಕೆಳದನಿಯದು) ಒಂದು ಸಣ್ಣ ಜಾರು ಕೊಟ್ಟು ಹಿಂದೆ ಸರಿದು, ಸಾಲು ಬಂದ ಮೇಲೆ ಅದರ ಜೊತೆ ಸೇರಿತು. ನಾನು ಹೇಳಿಕೊಟ್ಟದ್ದಲ್ಲ, ಅವರು ಮೊದಲೇ ಯೋಚಿಸಿದ್ದೂ ಅಲ್ಲ. ಉಸಿರು ಕೇಳಿಸಿತು, ಕೈ ಹೋಯಿತು.

ಆ ದಿನದಿಂದ ಗೈಡ್ ದನಿಯ ಟ್ರ್ಯಾಕಿಗೆ ನಾನು ಕತ್ತರಿ ಹಾಕಿಲ್ಲ. ಇನ್ನೂ ಒಂದು ಮಾಡುತ್ತೇನೆ. ಗೈಡ್ ಟ್ರ್ಯಾಕಿನಲ್ಲಿ ಉಸಿರು ಕೇಳಿಸುವ ಜಾಗಗಳಿಗೆಲ್ಲ ಒಂದೊಂದು ಗುರುತು ಹಾಕಿಕೊಳ್ಳುತ್ತೇನೆ. ಆ ಗುರುತು ಇರುವ ಕಡೆ ಬೇರೆ ಯಾವ ಟ್ರ್ಯಾಕಿನ ಫಿಲ್ಲಿಂಗೂ ಇರಕೂಡದು. ಸಾಲು ಮುಗಿದ ಕೂಡಲೇ ಕೊಳಲು ಬಂದು ಖಾಲಿ ತುಂಬಿಸಬಹುದು, ತುಂಬಿಸಲಿ, ಆದರೆ ಉಸಿರಿಗೆ ಮೊದಲೇ ಮುಗಿಸಿ ಸರಿದುಕೊಳ್ಳಬೇಕು. ಬ್ಯಾಂಡ್ ಇನ್ ಎ ಬಾಕ್ಸ್‌ನಲ್ಲಿ ಕಾರ್ಡಿನ ಮುಂದೆ ಒಂದು ಚುಕ್ಕಿ ಇಟ್ಟರೆ ಅಲ್ಲಿ ವಾದ್ಯಗಳು ಸುಮ್ಮನಾಗುತ್ತವೆ. ಚುಕ್ಕಿಯ ಮುಂದೆ ಬಿ, ಡಿ ಅಂತ ಬರೆದರೆ ಬಾಸು, ಡ್ರಮ್ಸು ಮುಂದುವರಿದು ಉಳಿದವು ಸುಮ್ಮನಾಗುತ್ತವೆ. ಆ ಸಾಫ್ಟ್‌ವೇರಿನಲ್ಲಿ ನಾನು ಅತಿ ಹೆಚ್ಚು ಬಳಸಿರುವುದು ಈ ಚುಕ್ಕಿಯನ್ನೇ ಇರಬೇಕು.

ಡಗ್ಗಾದ ಜಾರು ಅಂದೆ. ಅದನ್ನು ಉಳಿಸಿಕೊಳ್ಳುವುದು ಟ್ರ್ಯಾಕ್ ಜಾಸ್ತಿಯಾದಾಗ ಸುಲಭವಲ್ಲ, ಯಾಕೆಂದರೆ ಬಾಸ್ ಗಿಟಾರ್ ಕೂತುಕೊಳ್ಳುವುದೂ ಅದೇ ಕೆಳಗಿನ ಜಾಗದಲ್ಲಿ. ಎರಡೂ ಒಟ್ಟಿಗೆ ಮೊಳಗಿದರೆ ಕೇಳುವವರಿಗೆ ಸಿಗುವುದು ಬರೀ ಗುಂಯ್ ಅನ್ನುವ ಸದ್ದು. ದಾದ್ರಾದಲ್ಲಿ ಆರು ಮಾತ್ರೆ, ನಾಲ್ಕನೆಯದರಿಂದ ಖಾಲಿ. ಆ ಅರ್ಧದಲ್ಲಿ ಡಗ್ಗಾ ಹಗುರವಾಗುತ್ತದೆ, ತಾಳ ಉಸಿರಾಡುವುದೇ ಅಲ್ಲಿ. ಸಾಫ್ಟ್‌ವೇರಿನ ಸ್ಟೈಲ್‌ಗಳಲ್ಲಿ ದಾದ್ರಾ ಇರದಿದ್ದರೆ ನಾವು ಮೂರು ಮಾತ್ರೆಯ ವಾಲ್ಟ್ಜ್ ಆರಿಸಿಕೊಳ್ಳುತ್ತೇವೆ. ವಾಲ್ಟ್ಜ್‌ನ ಬಾಸಿಗೆ ಖಾಲಿ ಅಂದರೆ ಗೊತ್ತಿಲ್ಲ, ಒಂದರ ಮೇಲೆ ಎಷ್ಟು ತೂಕ ಹಾಕುತ್ತದೋ ನಾಲ್ಕರ ಮೇಲೂ ಅಷ್ಟೇ ಹಾಕುತ್ತದೆ. ಮೇಲೆ ತಬಲಾ ಖಾಲಿ ತೋರಿಸುತ್ತಿರುತ್ತದೆ, ಕೆಳಗೆ ಬಾಸ್ ಅದನ್ನು ತುಂಬಿಬಿಡುತ್ತಿರುತ್ತದೆ. ನಾನು ನಾಲ್ಕನೇ ಮಾತ್ರೆಯ ಬಾಸ್ ಸ್ವರಗಳನ್ನು ಅಳಿಸಿಬಿಡುತ್ತೇನೆ. ಒಂದರ ಮೇಲೆ ಮಾತ್ರ ಬಾಸ್. ಮಿಡಿಯಲ್ಲಿ ಎರಡು ನಿಮಿಷದ ಕೆಲಸ. ಹಾಡು ಅಷ್ಟಕ್ಕೇ ನಡೆಯುವುದನ್ನು ಬಿಟ್ಟು ತೂಗಲು ಶುರು ಮಾಡುತ್ತದೆ.

ಬೇರೆ ಊರಿನಿಂದ ಬರುವ ಟ್ರ್ಯಾಕ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೊಳಲು ನುಡಿಸುವವರು ಇನ್ನೊಂದು ಊರಲ್ಲಿದ್ದಾರೆ, ಅವರ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಮೊದಮೊದಲು ವಾಟ್ಸಾಪ್‌ನಲ್ಲಿ ಎಂಪಿ3 ಬರುತ್ತಿತ್ತು, ಅದೂ ಪ್ರತಿ ಬಿಟ್ ಬೇರೆ ಬೇರೆ ತುಂಡಾಗಿ. ಯಾವ ತುಂಡು ಎಲ್ಲಿ ಕೂರಬೇಕು ಅಂತ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತಿತ್ತು. ಜೊತೆಗೆ, ಎಂಪಿ3 ಮಾಡುವಾಗ ಫೈಲಿನ ಶುರುವಿನಲ್ಲಿ ಒಂದಿಷ್ಟು ಖಾಲಿ ಸೇರಿಕೊಳ್ಳುತ್ತದೆ, 25 ಮಿಲಿಸೆಕೆಂಡಿನ ಆಸುಪಾಸು, ಕೆಲವೊಮ್ಮೆ ಇನ್ನೂ ಜಾಸ್ತಿ. ಉದ್ದನೆಯ ಕೊಳಲಿನ ಸ್ವರದಲ್ಲಿ ಅದು ಗೊತ್ತಾಗುವುದಿಲ್ಲ. ಮ್ಯಾಂಡೊಲಿನ್‌ನಂಥ ಮೀಟುವ ವಾದ್ಯ ತಬಲಾದ ಜೊತೆ ಬಂದಾಗ ಎರಡು ಸದ್ದಾಗಿ ಒಡೆಯುತ್ತದೆ. ಈಗ ಎಲ್ಲರಿಗೂ ಒಂದೇ ಮಾತು: ವೇವ್ ಫೈಲ್ ಕಳಿಸಿ, ಎರಡನೇ ಚರಣದಲ್ಲಿ ನಾಲ್ಕೇ ಸೆಕೆಂಡು ನುಡಿಸಿದ್ದರೂ ಫೈಲ್ ಹಾಡಿನ ಮೊದಲ ಸೊನ್ನೆಯಿಂದಲೇ ಶುರುವಾಗಲಿ. ಎಲ್ಲ ಫೈಲುಗಳನ್ನೂ ಸೊನ್ನೆಗೆ ತಂದು ಬಿಟ್ಟರೆ ತಾವಾಗಿ ಕೂರುತ್ತವೆ. ಮತ್ತೆ, ಅವರಿಗೆ ನಾನು ಕಳಿಸುವುದು ಕ್ಲಿಕ್ ಅಲ್ಲ. ತಂಬೂರಿ, ಗೈಡ್ ದನಿ, ಮೇಷ್ಟ್ರ ತಬಲಾ. ಕೊಳಲಿನವರಿಗೂ ಉಸಿರು ಕೇಳಿಸಬೇಕು. ಅವರದೂ ಉಸಿರಿನ ವಾದ್ಯವೇ ತಾನೇ.

ಸಭಾಂಗಣದಲ್ಲಿ ಆದ ಒಂದು ಪೆಟ್ಟು ಮರೆಯಲಾಗಿಲ್ಲ. ಮನೆಯಲ್ಲಿ ಹೆಡ್‌ಫೋನಿನಲ್ಲಿ ಸ್ಟ್ರಿಂಗ್ಸ್ ಬಹಳ ವಿಶಾಲವಾಗಿ ಕೇಳಲಿ ಅಂತ ಎಡಕ್ಕೂ ಬಲಕ್ಕೂ ಹಿಗ್ಗಿಸಿದ್ದೆ. ಕಾರ್ಯಕ್ರಮದ ದಿನ ಟ್ರ್ಯಾಕ್ ಹಾಕಿದರೆ ಸ್ಟ್ರಿಂಗ್ಸೇ ಇಲ್ಲ. ಅಲ್ಲಿನ ಸಿಸ್ಟಂ ಮೋನೋ, ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿ ಎರಡೂ ಸ್ಪೀಕರಿಗೆ ಕೊಡುತ್ತಿತ್ತು. ಹಾಗೆ ಕೃತಕವಾಗಿ ಹಿಗ್ಗಿಸಿದ ದನಿಯನ್ನು ಕೂಡಿಸಿದಾಗ ಎರಡು ಬದಿಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಬಿಜಿಎಂ ಬರಬೇಕಾದ ಕಡೆ ಒಂದು ಬಾಸು, ಒಂದು ತಬಲಾ. ಹಾಡುತ್ತಿದ್ದ ಹುಡುಗಿ, ಹತ್ತನೇ ಕ್ಲಾಸಿನವಳು, ಎಲ್ಲಿ ಎತ್ತಿಕೊಳ್ಳಬೇಕೆಂದು ಸ್ಟ್ರಿಂಗ್ಸ್ ಕೇಳಿ ಅಭ್ಯಾಸ ಮಾಡಿದ್ದಳು. ಎರಡನೇ ಚರಣ ಅವಳಿಗೆ ತಪ್ಪಿಹೋಯಿತು. ಅವಳ ತಪ್ಪು ಒಂದಿಷ್ಟೂ ಇಲ್ಲ. ಅದನ್ನು ಅವಳಿಗೂ ಅವಳ ಅಮ್ಮನಿಗೂ ಅವತ್ತೇ ಹೇಳಿದೆ. ಹೇಳಿದರೂ ಆ ಮಗುವಿನ ಮುಖ ನೋಡಲಾಗಲಿಲ್ಲ.

ಆಮೇಲೆ ಎರಡು ಬದಲಾವಣೆ. ಕೊನೆಯ ಮಿಕ್ಸನ್ನು ಯಾವಾಗಲೂ ಒಂದು ಸಲ ಮೋನೋ ಒತ್ತಿ, ಹಳೆಯ ಒಂದೇ ಸ್ಪೀಕರಿನಲ್ಲಿ ಕೇಳುತ್ತೇನೆ. ಮತ್ತೆ, ಒಂದೇ ಫೈಲ್ ಕೊಡುವುದಿಲ್ಲ. ತಂಬೂರಿ ಒಂದು, ತಬಲಾ ಮತ್ತಿತರ ತಾಳದ್ದು ಒಂದು, ಬಾಸು ಪ್ಯಾಡು ಗಿಟಾರು ಸೇರಿ ಒಂದು, ಬಿಟ್‌ಗಳು ಒಂದು, ಹೀಗೆ ನಾಲ್ಕು ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುತ್ತೇನೆ, ಜೊತೆಗೆ ಎಲ್ಲ ಸೇರಿದ್ದೂ ಒಂದು. ಮಿಕ್ಸರ್ ನೋಡಿಕೊಳ್ಳುವವರು ಮನಸ್ಸು ಮಾಡಿದರೆ ಅಲ್ಲಿಯೇ ತಂಬೂರಿ ಏರಿಸಬಹುದು, ಬಾಸ್ ಇಳಿಸಬಹುದು. ಹಾಡುವವರ ಮುಂದಿನ ಮಾನಿಟರಿಗೆ ತಂಬೂರಿ, ತಬಲಾ ಮಾತ್ರ ಜೋರಾಗಿ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಎಷ್ಟೋ ಕಡೆ ಕೊಡುತ್ತಾರೆ.

ರೀಪರ್‌ನಲ್ಲಿ ಒಂದು ಟ್ರ್ಯಾಕನ್ನು ಫೋಲ್ಡರ್ ಮಾಡಿ ಅದರ ಕೆಳಗೆ ಉಳಿದವನ್ನು ಸೇರಿಸಬಹುದು. ಮೊದಲು ಎಲ್ಲರ ಹಾಗೆ ತಂತಿವಾದ್ಯ, ಗಾಳಿವಾದ್ಯ, ತಾಳವಾದ್ಯ ಅಂತ ಫೋಲ್ಡರ್ ಮಾಡುತ್ತಿದ್ದೆ. ಈಗ ಯಾರು ಯಾರ ಮಾತು ಕೇಳುತ್ತಾರೆ ಅನ್ನುವುದರ ಮೇಲೆ. ದನಿಯ ಕೆಳಗೆ ತಬಲಾ ಮತ್ತು ದನಿಯ ಜೊತೆಗೇ ಹೋಗುವ ಪಿಟೀಲು ಅಥವಾ ಕೊಳಲು. ತಬಲಾದ ಕೆಳಗೆ ಬಾಸ್, ಗಿಟಾರ್, ಗೆಜ್ಜೆ. ತಂಬೂರಿಯ ಕೆಳಗೆ ಪ್ಯಾಡು, ಸ್ಟ್ರಿಂಗ್ಸು. ಹೊಸದಾಗಿ ಒಂದು ವಾದ್ಯ ಸೇರಿಸಬೇಕು ಅನ್ನಿಸಿದಾಗ ಅದು ಯಾವುದರ ಕೆಳಗೆ ಹೋಗಬೇಕು ಅಂತ ತೋಚದಿದ್ದರೆ ಅದನ್ನು ಸೇರಿಸುವುದಿಲ್ಲ. ಎಣಿಸಿ ನೋಡಿದರೆ ಈಚಿನ ನನ್ನ ಹಾಡುಗಳಲ್ಲಿ 9ರಿಂದ 12 ಟ್ರ್ಯಾಕ್ ಇವೆ. 20 ದಾಟಿದ್ದು ಒಂದೇ ಒಂದು, ಮಕ್ಕಳ ಗುಂಪುಗಾಯನ, ಅಲ್ಲಿ ಅದು ಬೇಕಿತ್ತು. ಆದ್ದರಿಂದ ಇಷ್ಟೇ ಇರಬೇಕು ಅಂತ ನಾನು ಯಾರಿಗೂ ಹೇಳಲಾರೆ.

ಹುಡುಗ ಮತ್ತೆ ಬಂದಾಗ ಅವನ 31ರಲ್ಲಿ ಒಂದನ್ನೂ ಅಳಿಸಲು ಹೇಳಲಿಲ್ಲ. ಎಲ್ಲ ಮ್ಯೂಟ್ ಮಾಡಿ, ಮೇಲೆ ಖಾಲಿ ಜಾಗ ಮಾಡಿಕೊಂಡು, ಹಾಡುವವರು ಯಾರಾದರೂ ಇದ್ದಾರಾ ಮನೆಯಲ್ಲಿ ಅಂದೆ. ಅಮ್ಮ ಹಾಡ್ತಾರೆ ಅಂದ. ಮೊನ್ನೆ ಭಾನುವಾರ ರಾತ್ರಿ ಅವನಿಂದ ಒಂದು ಫೈಲ್ ಬಂತು, ವೇವ್ ಫೈಲೇ. ತಂಬೂರಿ, ಅವನ ಅಮ್ಮನ ದನಿ, ಸಣ್ಣಗೆ ಒಂದು ಠೇಕಾ. ಹಿಂದೆಲ್ಲೋ ಬಾಗಿಲು ಹಾಕಿದ ಸದ್ದು ಕೂಡ ಇದೆ. ಅಭ್ಯಾಸ ತಪ್ಪಿದ ದನಿ, ಆದರೆ ಪ್ರತಿ ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ಎರಡನೇ ಚರಣದಲ್ಲಿ ಒಂದು ಸಾಲು ಮುಗಿಸಿ ಅವರು ಅರ್ಧ ಮಾತ್ರೆ ತಡವಾಗಿ ಎತ್ತಿಕೊಂಡಿದ್ದಾರೆ. ನಡುವೆ ಉಸಿರು ಚೆನ್ನಾಗಿ ಕೇಳಿಸುತ್ತದೆ. ಕೆಳಗೆ ಮೆಸೇಜ್ ಇತ್ತು: "ಅಂಕಲ್, ಅಲ್ಲಿ ಅಮ್ಮ ಲೇಟ್ ಆಗಿದ್ದಾರೆ, ಎಳೆದು ಸರಿ ಮಾಡ್ಲಾ?"

ಬೇಡ, ಮೇಷ್ಟ್ರಿಗೆ ಹಾಗೇ ಕೇಳಿಸೋಣ, ಗುರುವಾರ ಸಂಜೆ ಬರ್ತಾರೆ, ನೀನೂ ಬಾ ಅಂತ ಬರೆದೆ.